ಜಾಲದ ಜಗಲಿ: ಬ್ಲಾಗು ಬರೆಯುವವರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಬ್ಲಾಗಿನ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಅಂತ ಒಂದೇ ಸಾಲು ಹಾಕಿದ್ದೆ. ಮಂಗಳೂರು, ಉಡುಪಿ ಕಡೆಯಿಂದಲೇ ಇಷ್ಟು ಕಾಗದ, ಇಮೇಲ್ ಬರುತ್ತವೆ ಅಂದುಕೊಂಡಿರಲಿಲ್ಲ. ತುಂಬಾ ಖುಷಿಯಾಯಿತು. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಏಳನ್ನು ಆರಿಸಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. 36 ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದ ನೆನಪುಗಳನ್ನು ಫೇಸ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ. ಹಳೆ ವಿದ್ಯಾರ್ಥಿಗಳು ಓದುತ್ತಾರೆ. ಮಗಳು ಬ್ಲಾಗು ಮಾಡಿ ಅನ್ನುತ್ತಾಳೆ. ಫೇಸ್‌ಬುಕ್ ಇರುವಾಗ ಅದು ಯಾಕೆ? ಇನ್ನೊಂದು, ಸುಮಾರು 15 ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನೂರಾರು ಪುಟ ಪೆನ್‌ಡ್ರೈವ್‌ನಲ್ಲಿ ಇದೆ. ಈಗ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಓದಲಿಕ್ಕೆ ಆಗುವುದಿಲ್ಲ.
— ಕಾರ್ಕಳ

ಉತ್ತರ: ಮಾಷ್ಟ್ರೇ, ಮಗಳ ಮಾತು ಕೇಳಿ. ಫೇಸ್‌ಬುಕ್ ಬಿಡಿ ಅಂತ ಹೇಳುತ್ತಿಲ್ಲ. ನಿಮ್ಮ ಶಿಷ್ಯರು ಅಲ್ಲಿದ್ದಾರೆ, ನಿಮ್ಮನ್ನು ಓದುತ್ತಾರೆ, ಅದು ದೊಡ್ಡ ಸಂಗತಿ. ಆದರೆ ಈಗಲೇ ಒಂದು ಕೆಲಸ ಮಾಡಿ. ಎರಡು ಮಳೆಗಾಲದ ಹಿಂದೆ ನೀವು ಬರೆದ ಒಂದು ನೆನಪನ್ನು ಅಲ್ಲಿ ಹುಡುಕಿ ತೆಗೆಯಿರಿ. ಬೆರಳು ಸೋಲುವವರೆಗೆ ಕೆಳಗೆ ಜಾರಿಸಬೇಕಾಗುತ್ತದೆ, ಅಲ್ವಾ? ಬರೆದ ನಿಮಗೇ ಇಷ್ಟು ಕಷ್ಟ ಆದರೆ, ಆ ಶಾಲೆಯ ಬಗ್ಗೆ ಮುಂದೆ ಯಾವತ್ತೋ ತಿಳಿಯಬೇಕು ಅನ್ನಿಸಿದ ಹುಡುಗಿಗೆ ಅದು ಸಿಗುವುದು ಹೇಗೆ? ಫೇಸ್‌ಬುಕ್ ಸಂತೆ ಇದ್ದ ಹಾಗೆ. ಅಲ್ಲಿ ಮಾತಾಡಲಿಕ್ಕೆ ಜನ ಸಿಗುತ್ತಾರೆ, ಆಡಿದ ಮಾತು ಸಂಜೆಗೆ ಇರುವುದಿಲ್ಲ. ಬ್ಲಾಗು ಮನೆಯ ಜಗಲಿ. ಬರುವವರು ಕಡಿಮೆ. ಬಂದವರು ಕೂತು ಓದುತ್ತಾರೆ. ಐದು ವರ್ಷ ಬಿಟ್ಟು ಬಂದರೂ ಬರಹ ಅದೇ ವಿಳಾಸದಲ್ಲಿ ಇರುತ್ತದೆ.

ಇರುತ್ತದೆ ಅಂದೆ. ಅದಕ್ಕೆ ನಾವೂ ಸ್ವಲ್ಪ ಕೆಲಸ ಮಾಡಬೇಕು. ಇಂಟರ್‌ನೆಟ್‌ಗೆ ಒಮ್ಮೆ ಹಾಕಿದ್ದು ಯಾವತ್ತೂ ಅಳಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಬೇರೆ. ನಮಗೆ ಬೇಡದ್ದು ಉಳಿಯುತ್ತದೆ, ಬೇಕಾದದ್ದು ಹೋಗುತ್ತದೆ. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ಸ್ವಂತ ಪುಟ ಕಟ್ಟಿಕೊಂಡಿದ್ದರು, 2009ರಲ್ಲಿ ಅದನ್ನು ಮುಚ್ಚಿದರು. ಫೇಸ್‌ಬುಕ್‌ನಂಥದ್ದೇ ತಾಣ ಆರ್ಕುಟ್ ನಿಮಗೆ ನೆನಪಿರಬಹುದು, ನಿಮ್ಮ ಶಿಷ್ಯರಿಗಂತೂ ಖಂಡಿತ ನೆನಪಿರುತ್ತದೆ. 2004ರ ಜನವರಿಯಲ್ಲಿ ಬಂತು, 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ನನ್ನದೂ ಒಂದು ಕತೆ ಇದೆ. 2008ರ ಸುಮಾರಿಗೆ ಒಂದು ತಾಣದಲ್ಲಿ ಬರೆಯುತ್ತಿದ್ದೆ, ಅರುವತ್ತಕ್ಕೂ ಜಾಸ್ತಿ ಬರಹ ಇದ್ದವು. ಬಂದರಿನ ಹಳೆ ಗೋದಾಮುಗಳ ಬಗ್ಗೆ, ನಮ್ಮ ಅಜ್ಜ ಹಂಚಿನ ಕಾರ್ಖಾನೆಗೆ ನಡೆದು ಹೋಗುತ್ತಿದ್ದ ದಾರಿಯ ಬಗ್ಗೆ. ಒಂದು ದಿನ ತೆರೆದರೆ ತಾಣವೇ ಇಲ್ಲ. ಮೊದಲೇ ತಿಳಿಸಿದ್ದರಂತೆ, ಆ ಇಮೇಲ್ ನಾನು ನೋಡಿರಲಿಲ್ಲ. ಪ್ರತಿ ಇಟ್ಟುಕೊಂಡಿರಲಿಲ್ಲ. ಅಜ್ಜನೂ ಆಗ ಇರಲಿಲ್ಲ, ಪುನಃ ಕೇಳಿ ಬರೆಯೋಣ ಅಂದರೆ ಯಾರನ್ನು ಕೇಳುವುದು? ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಮಾಷ್ಟ್ರೇ, ಬ್ಲಾಗರ್ ಅನ್ನುವ ತಾಣದಲ್ಲಿ ಶುರು ಮಾಡಿ. ದುಡ್ಡು ಬೇಡ, ಜೀಮೇಲ್ ಇದ್ದರೆ ಸಾಕು. ಅದು 1999ರಲ್ಲಿ ಹುಟ್ಟಿದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು, ಇವತ್ತಿಗೂ ನಡೆಯುತ್ತಿದೆ. ವರ್ಡ್‌ಪ್ರೆಸ್ ಕೂಡ ಒಳ್ಳೆಯದೇ. ಯಾವುದಾದರೂ ಸರಿ, ಎರಡೂ ಇನ್ನೊಬ್ಬರ ಜಾಗ ಅನ್ನುವುದು ನೆನಪಿರಲಿ. ಆರು ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಳ್ಳಿ. ಬ್ಲಾಗರ್‌ನ ಆ ಬ್ಯಾಕಪ್ ಫೈಲಿನಲ್ಲಿ ಬರಹ, ಕಮೆಂಟು ಇರುತ್ತವೆ, ಫೋಟೋ ಇರುವುದಿಲ್ಲ, ಫೋಟೋದ ಕೊಂಡಿ ಮಾತ್ರ ಇರುತ್ತದೆ. ಇದು ಗೊತ್ತಿಲ್ಲದೆ ತುಂಬಾ ಜನ ಮೋಸ ಹೋಗಿದ್ದಾರೆ. ಶಾಲೆಯ ಹಳೆ ಗುಂಪು ಫೋಟೋಗಳನ್ನು ಬೇರೆ ಡ್ರೈವ್‌ನಲ್ಲಿ ಇಡಿ. ಪ್ರತಿ ಫೋಟೋದ ಹೆಸರಿನಲ್ಲಿ ಊರು, ಇಸವಿ ಬರೆಯಿರಿ. ಮತ್ತೆ ಫೇಸ್‌ಬುಕ್‌ನಲ್ಲಿ ಮೊದಲು ಬರೆಯಬೇಡಿ. ಬ್ಲಾಗಿನಲ್ಲಿ ಬರೆದು ಅದರ ಕೊಂಡಿಯನ್ನು ಫೇಸ್‌ಬುಕ್‌ಗೆ ಹಾಕಿ. ಸಂತೆಗೂ ಹೋದ ಹಾಗಾಯಿತು, ಮನೆಯೂ ಉಳಿಯಿತು.

ಇನ್ನು ನುಡಿ ಫೈಲುಗಳು. ಅವು ಹಾಳಾಗಿಲ್ಲ, ಹೆದರಬೇಡಿ. ಆ ಕಾಲದ ನುಡಿ, 'ಬರಹ' ತಂತ್ರಾಂಶಗಳ ಫೈಲುಗಳಲ್ಲಿ ಕನ್ನಡ ಇರುತ್ತಿದ್ದದ್ದು ಫಾಂಟಿನಲ್ಲಿ ಮಾತ್ರ. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚುಕ್ಕಿ, ಗೀಟು, ಡಾಲರ್ ಗುರುತು ಎಲ್ಲ ಕಲಸಿ ಕಾಣುತ್ತದೆ. ಯೂನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಸಿಕ್ಕಿತು, ಗೂಗಲ್‌ನಲ್ಲಿ ಕನ್ನಡದಲ್ಲೇ ಹುಡುಕಲು ಆಗುವುದು ಅದರಿಂದಲೇ. ಹಳೆ ನುಡಿ ಫೈಲನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೊದಲು ಒಂದು ಪುಟ ಹಾಕಿ ನೋಡಿ. ಬದಲಿಸಿದ ಮೇಲೆ ಕಣ್ಣಿಟ್ಟು ತಿದ್ದಬೇಕು. ಜಾಸ್ತಿ ತಪ್ಪಾಗುವುದು ಅರ್ಕಾವೊತ್ತಿನಲ್ಲಿ ಮತ್ತು ಎರಡೆರಡು ಒತ್ತು ಬರುವ ಕಡೆ. ದಿನಕ್ಕೆ ನಾಲ್ಕು ಪುಟ ಅಂತ ಇಟ್ಟುಕೊಂಡರೆ ಒಂದು ಮಳೆಗಾಲದಲ್ಲಿ ಮುಗಿಯುತ್ತದೆ. ನುಡಿಯಲ್ಲಿ ನೀವು ಬೆರಳಿಟ್ಟ ಆ ಕೀಲಿಮಣೆ ಇದೆಯಲ್ಲ, ಅದರ ಜೋಡಣೆಯ ಮೂಲ ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೆಲಸ. ನಮ್ಮೂರಿನವರೊಬ್ಬರು ಅಷ್ಟು ಮಾಡಿಟ್ಟಿರುವಾಗ ನಾವು ನಮ್ಮ ಪುಟಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಳೆಯಲು ಬಿಡಬಾರದು.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ನಾಲ್ಕು ತಿಂಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಕಂಡದ್ದು, ಸ್ಟೇಟ್‌ಬ್ಯಾಂಕ್ ಸ್ಟಾಪಿನ ಜನ, ಹೀಗೆ. ಹೋದ ಬರಹಕ್ಕೆ 11 ವ್ಯೂ. ಅದರಲ್ಲಿ 3 ನನ್ನದೇ. ಗೆಳತಿಯರ ರೀಲ್ಸ್‌ಗೆ ಸಾವಿರಾರು ಬರುತ್ತವೆ. ಬಿಟ್ಟುಬಿಡಲಾ? ಬ್ಲಾಗಿನಿಂದ ಹಣ ಬರುತ್ತದಾ?
— ಮಂಗಳೂರು

ಉತ್ತರ: ಬಿಡಬೇಡ ತಂಗಿ. ನೀನು ಕಳಿಸಿದ ಕೊಂಡಿ ತೆರೆದು ಆರು ಬರಹ ಓದಿದೆ. 15 ನಂಬರಿನ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲದ ಅಜ್ಜಿಗೆ 'ನಾಳೆ ಕೊಡಿ' ಅಂದದ್ದು, ಅಜ್ಜಿ ನಿಜವಾಗಿ ಮರುದಿನ ಅದೇ ಹೊತ್ತಿಗೆ ಕಾದು ನಿಂತದ್ದು. ಅದನ್ನು ನಾನು ಮನೆಯವರಿಗೆ ಓದಿ ಹೇಳಿದೆ. ಆ ಲೆಕ್ಕ ನಿನ್ನ 11ರಲ್ಲಿ ಸೇರಿಲ್ಲ.

ಓದುವವರು ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ಇದೆ, ಅದು ನಿನ್ನ ತಪ್ಪಲ್ಲ. 2006ರಿಂದ ಆರೇಳು ವರ್ಷ ಕನ್ನಡದಲ್ಲಿ ಬ್ಲಾಗು ಬರೆಯುವವರ ಒಂದು ಬಳಗವೇ ಇತ್ತು. ಒಬ್ಬರ ಬ್ಲಾಗಿನ ಪಕ್ಕದಲ್ಲಿ ಇನ್ನೊಬ್ಬರ ಬ್ಲಾಗಿನ ಪಟ್ಟಿ. ಸಂಪದದಂಥ ತಾಣಗಳಲ್ಲಿ ಎಲ್ಲರೂ ಸೇರುತ್ತಿದ್ದರು. ನಾನು ಮಳೆಯ ಬಗ್ಗೆ ಬರೆದರೆ ಮಸ್ಕತ್‌ನಿಂದ, ಕುವೈತ್‌ನಿಂದ ನಮ್ಮೂರಿನವರು ಕಮೆಂಟು ಹಾಕುತ್ತಿದ್ದರು. ಒಬ್ಬರು 'ನಿಮ್ಮ ಬರಹ ಓದಿ ಇಲ್ಲಿಯ ಮರಳಿನಲ್ಲಿ ಹಲಸಿನ ಹಪ್ಪಳದ ವಾಸನೆ ಬಂತು' ಅಂತ ಬರೆದದ್ದು ನನಗೆ ಇನ್ನೂ ನೆನಪಿದೆ. ಆಗ ಹೊಸ ಬರಹ ಬಂದ ಕೂಡಲೇ ಓದುಗರಿಗೆ ತಾನೇ ತಲುಪಿಸುವ ವ್ಯವಸ್ಥೆ ಇತ್ತು, ಆರ್‌ಎಸ್‌ಎಸ್ ಫೀಡ್ ಅಂತ. ಅದನ್ನು ಓದಲು ಜಾಸ್ತಿ ಜನ ಬಳಸುತ್ತಿದ್ದದ್ದು ಗೂಗಲ್ ರೀಡರ್. 2013ರ ಜುಲೈ 1ಕ್ಕೆ ಗೂಗಲ್ ಅದನ್ನು ನಿಲ್ಲಿಸಿತು. ಜನ ಫೇಸ್‌ಬುಕ್, ವಾಟ್ಸಾಪ್ ಕಡೆ ಹೋಗುತ್ತಲೇ ಇದ್ದರು, ಇದಾದ ಮೇಲೆ ಉಳಿದವರಿಗೂ ದಾರಿ ತಪ್ಪಿತು.

ಜುಲೈ 1 ಅಂದಾಗ ಮಂಗಳೂರಿನವರಿಗೆ ಇನ್ನೊಂದು ನೆನಪಾಗಬೇಕು. 1843ರ ಅದೇ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಇದೇ ಊರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಅಚ್ಚಾದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟ. ಮುಂದಿನ ವರ್ಷವೇ ಅದು ಬಳ್ಳಾರಿಗೆ ಹೋಯಿತು, ಹೆಸರೂ ಬದಲಾಯಿತು. ಇಲ್ಲಿ ಇದ್ದದ್ದು ಅಷ್ಟೇ ಕಾಲ. ಆ ಊರಿನಲ್ಲೇ ಕೂತು ನೀನು ಬರೆಯುತ್ತಿದ್ದೀ.

ಈಗ ಮಾಡುವ ಕೆಲಸ. ಮನೆಯ, ನೆಂಟರ ವಾಟ್ಸಾಪ್ ಗುಂಪಿಗೆ ಬರೀ ಕೊಂಡಿ ಹಾಕಬೇಡ, ಯಾರೂ ಒತ್ತುವುದಿಲ್ಲ. ಬರಹದಿಂದ ಎರಡು ಸಾಲು ಎತ್ತಿ ಹಾಕು, ಕೆಳಗೆ ಕೊಂಡಿ ಕೊಡು. ಬೇರೆ ಬ್ಲಾಗು ಓದಿ ಕಮೆಂಟು ಬರೆ. ಸುಮ್ನೆ 'ಸೂಪರ್' ಅಂತ ಅಲ್ಲ, ಓದಿದ್ದೀ ಅಂತ ಗೊತ್ತಾಗುವ ಹಾಗೆ. ನಿನಗೆ ಇಷ್ಟವಾದ ಬ್ಲಾಗುಗಳ ಪಟ್ಟಿಯನ್ನು ನಿನ್ನ ಪುಟದ ಪಕ್ಕದಲ್ಲಿ ಹಾಕು. ಆರ್‌ಎಸ್‌ಎಸ್ ಇವತ್ತಿಗೂ ಕೆಲಸ ಮಾಡುತ್ತದೆ, ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ತಾನಾಗಿಯೇ ಇರುತ್ತದೆ. ವಾರಕ್ಕೊಮ್ಮೆ ಅಂತ ದಿನ ಗೊತ್ತುಮಾಡಿಕೋ. ಸೋಮವಾರ ಸಂಜೆ ಅಂದರೆ ಸೋಮವಾರ ಸಂಜೆ.

ಹಣದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ಹಾಕಿದರೂ 100 ಡಾಲರ್ ಸೇರುವವರೆಗೆ ಅವರು ಹಣ ಕಳಿಸುವುದಿಲ್ಲ. ನಿನ್ನಷ್ಟು ಓದುಗರಿರುವ ಬ್ಲಾಗಿಗೆ ಅಷ್ಟಾಗಲು ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ನಿನ್ನ ಅಜ್ಜಿಯ ಕತೆಯ ನಡುವೆ ಸಾಲದ ಜಾಹೀರಾತು ಕೂತಿರುತ್ತದೆ. ಬೇಡ. ಆದರೆ ನಾಲ್ಕು ವರ್ಷ ಬರೆದ ಒಂದು ಬ್ಲಾಗು ಇದ್ದರೆ, ಪತ್ರಿಕೆಯಲ್ಲೋ ಜಾಹೀರಾತು ಸಂಸ್ಥೆಯಲ್ಲೋ ಕೆಲಸ ಕೇಳುವಾಗ ಅಂಕಪಟ್ಟಿಗಿಂತ ಮೊದಲು ಅದನ್ನು ತೋರಿಸಬಹುದು.

ಪ್ರಶ್ನೆ: ನಮ್ಮ ಕುಟುಂಬದ ದೈವಾರಾಧನೆಯ, ಅಂದರೆ ನೇಮದ 40 ಸೆಕೆಂಡಿನ ವಿಡಿಯೋ ತೆಗೆದು ಬ್ಲಾಗಿಗೂ ಇನ್‌ಸ್ಟಾಗ್ರಾಂಗೂ ಹಾಕಿದ್ದೆ, ಒಳ್ಳೆ ಮನಸ್ಸಿನಿಂದಲೇ. ಯಾರೋ ಅದನ್ನು ತೆಗೆದುಕೊಂಡು ಸಿನಿಮಾ ಮ್ಯೂಸಿಕ್ ಸೇರಿಸಿ, ನಗುವ ಇಮೋಜಿ ಹಾಕಿ ಮೀಮ್ ಮಾಡಿದ್ದಾರೆ. ನಾನು ನನ್ನದನ್ನು ಅಳಿಸಿದೆ. ಅವರದ್ದು ಹರಡುತ್ತಲೇ ಇದೆ. ದೊಡ್ಡಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ನಾನು ಮಾಡಿದ್ದು ತಪ್ಪಾ?
— ಉಡುಪಿ

ಉತ್ತರ: ನಿಮ್ಮ ಕಾಗದ ಓದಿ ಮನಸ್ಸು ಭಾರವಾಯಿತು. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಆದರೂ ಕೇಳದೆ ಹಾಕಿದ್ದು ತಪ್ಪೇ. ಅದನ್ನು ಒಪ್ಪಿಕೊಂಡು ಮೊದಲು ದೊಡ್ಡಪ್ಪನ ಮನೆಗೆ ಹೋಗಿ. ಫೋನು ಮಾಡಬೇಡಿ, ವಾಟ್ಸಾಪ್ ಮಾಡಬೇಡಿ, ಹೋಗಿ. ಆಮೇಲೆ, ವಿಡಿಯೋದಲ್ಲಿ ಇದ್ದ ದೈವನರ್ತಕರ ಮನೆಗೂ ಹೋಗಿ. ನಿಮ್ಮ ಕಾಗದದಲ್ಲಿ ದೊಡ್ಡಪ್ಪನ ಬೇಸರ ಇದೆ, ನಿಮ್ಮ ಬೇಸರ ಇದೆ, ಅವರ ಮಾತು ಒಂದೂ ಇಲ್ಲ. ಮುಖ ಅವರದ್ದಲ್ವಾ? ಪಂಬದ, ಪರವ, ನಲಿಕೆ ಸಮುದಾಯದವರು ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು ಇದು. ವ್ರತ ಹಿಡಿದು, ರಾತ್ರಿಯಿಡೀ ನಿದ್ದೆಗೆಟ್ಟು, ಬೆನ್ನಿಗೆ ಅಣಿ ಹೊತ್ತು, ಕಾಲಿಗೆ ಗಗ್ಗರ ಕಟ್ಟಿ ನಿಲ್ಲುವವರು ಅವರು. ಮೀಮ್ ನೋಡಿ ಶಾಲೆಯಲ್ಲಿ ತಮಾಷೆ ಮಾಡಿಸಿಕೊಳ್ಳುವುದು ಅವರ ಮಕ್ಕಳು.

ಮೀಮ್ ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು, ಆಗ ಇದು ಯಾಕೆ ಹೀಗಾಯಿತು ಅಂತ ತಿಳಿಯುತ್ತದೆ. ಆ ಪದವನ್ನು 1976ರಲ್ಲಿ ಕಟ್ಟಿದ್ದು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ನಕಲಾಗುತ್ತಾ ಹೋಗುವ ವಿಚಾರ, ರಾಗ, ರೂಢಿಗೆ ಅವರು ಆ ಹೆಸರು ಕೊಟ್ಟರು. ಇಂಟರ್‌ನೆಟ್ ಬಂದ ಮೇಲೆ ಅದು ಚಿತ್ರಕ್ಕೆ, ತುಣುಕು ವಿಡಿಯೋಗೆ ಅಂಟಿಕೊಂಡಿತು. ಬೇಗ ನಕಲಾಗಬೇಕಾದರೆ ಯಾವುದೇ ಆದರೂ ಹಗುರ ಇರಬೇಕು. ಅದಕ್ಕೆ ಹಿಂದುಮುಂದು ಇರಬಾರದು. ನಿಮ್ಮ 40 ಸೆಕೆಂಡಿನಲ್ಲಿ ಹಿಂದುಮುಂದು ಏನಿತ್ತು ಹೇಳಿ. ಸಂಜೆ ದೈವದ ಒಡವೆ, ಆಯುಧಗಳ ಭಂಡಾರ ಬಂದದ್ದು ಇಲ್ಲ, ದೈವದ ಕತೆಯ ಹಾಡು ಪಾಡ್ದನ ಹೇಳಿದ್ದು ಇಲ್ಲ, ತೆಂಗಿನ ಎಳೆಗರಿ ಸೀಳಿ ಹೆಣೆದ ಮಧ್ಯಾಹ್ನ ಇಲ್ಲ, ದೈವ ನಿಮ್ಮ ಕುಟುಂಬದ ಹಿರಿಯರನ್ನು ಹೆಸರು ಹಿಡಿದು ಕರೆದಾಗ ಎಲ್ಲರ ಕಣ್ಣಲ್ಲಿ ನೀರು ಬಂದದ್ದು ಇಲ್ಲ. ಉಳಿದದ್ದು ಬಣ್ಣ, ಬೆಂಕಿ, ಕೂಗು. ಅದನ್ನು ಎಲ್ಲಿಗೆ ಬೇಕಾದರೂ ಅಂಟಿಸಬಹುದು. ಕೆಲವು ವರ್ಷಗಳಿಂದ, ಸಿನಿಮಾದಲ್ಲಿ ದೈವ ಕಂಡ ಮೇಲೆ, ಊರೂರಲ್ಲಿ ವೇಷ ಹಾಕಿ ಕೂಗಿ ರೀಲ್ಸ್ ಮಾಡುವುದನ್ನು ನೋಡಿದ್ದೇವೆ. ಕೆಲವು ಕಡೆ ಈಗ 'ಮೊಬೈಲಿನಲ್ಲಿ ಚಿತ್ರೀಕರಣ ಮಾಡಬಾರದು' ಅಂತ ಬೋರ್ಡು ಹಾಕಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ ಅಂತ ನನ್ನ ಅಭಿಪ್ರಾಯ.

ಆ ಮೀಮನ್ನು ತೆಗೆಸಲು ದಾರಿ ಇದೆ. ವಿಡಿಯೋ ತೆಗೆದವರು ನೀವು, ಹಕ್ಕು ನಿಮ್ಮದು. ಇನ್‌ಸ್ಟಾಗ್ರಾಂನಲ್ಲಿ ಸುಮ್ನೆ ರಿಪೋರ್ಟ್ ಒತ್ತಿದರೆ ಸಾಲದು, ಕಾಪಿರೈಟ್ ದೂರಿನ ಬೇರೆಯೇ ಅರ್ಜಿ ಇದೆ, ಅದನ್ನು ತುಂಬಿ. ನಿಮ್ಮ ಫೋನಿನಲ್ಲಿ ಮೂಲ ವಿಡಿಯೋ ಇದ್ದರೆ ಅಳಿಸಬೇಡಿ, ಅದೇ ಸಾಕ್ಷಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ತಾಣಗಳಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು, ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು. ಹರಡಿದ ಎಲ್ಲ ಪ್ರತಿಯೂ ಹೋಗುತ್ತದೆ ಅಂತ ಮಾತು ಕೊಡಲಾರೆ. ಜಾಸ್ತಿ ಜನ ನೋಡುತ್ತಿರುವ ಎರಡು ಮೂರನ್ನು ತೆಗೆಸಿದರೆ ಓಟ ನಿಲ್ಲುತ್ತದೆ. ಕೋಪದಲ್ಲಿ ಅದರ ಕೆಳಗೆ ಕಮೆಂಟು ಮಾತ್ರ ಹಾಕಬೇಡಿ. ಬೈಗುಳ ಬಂದಷ್ಟೂ ಅದು ಇನ್ನಷ್ಟು ಜನರ ಮುಂದೆ ಹೋಗುತ್ತದೆ.

ಮತ್ತೆ ಬ್ಲಾಗು ನಿಲ್ಲಿಸಬೇಡಿ. ವಿಡಿಯೋಗೆ ಆಗದ್ದು ಬರಹಕ್ಕೆ ಆಗುತ್ತದೆ. ಎಳೆಗರಿ ಯಾರ ಮನೆಯಿಂದ ಬಂತು, ಅಡುಗೆಗೆ ಯಾರು ಕೂತರು, ಬೊಂಬಾಯಿಯಿಂದ ಎಷ್ಟು ವರ್ಷದ ಮೇಲೆ ಯಾವ ಅತ್ತೆ ಬಂದರು. ಇದನ್ನು ಬರೆದು, ಹಾಕುವ ಮೊದಲು ದೊಡ್ಡಪ್ಪನಿಗೆ ಓದಿ ಹೇಳಿ. ಅವರು ಬೇಡ ಅಂದ ಸಾಲನ್ನು ತೆಗೆಯಿರಿ. ನಮ್ಮನ್ನು ಓದುವವರು ಎಲ್ಲೋ ದೂರದಲ್ಲಿ ಇರುತ್ತಾರೆ. ನಾವು ಯಾರ ಬಗ್ಗೆ ಬರೆಯುತ್ತೇವೋ ಅವರ ಮುಖವನ್ನು ಮುಂದಿನ ಮದುವೆಯಲ್ಲಿ, ಮುಂದಿನ ನೇಮದಲ್ಲಿ ನೋಡಲೇಬೇಕು.

ಪ್ರಶ್ನೆ: ಬಂಗುಡೆ ಪುಳಿಮುಂಚಿ ಮಾಡುವ ಕ್ರಮ ಬರೆದು ಫೋಟೋ ಹಾಕಿದ್ದೆ. ಒಂದು ಅಡುಗೆ ಪೇಜಿನವರು ಫೋಟೋದ ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿ, ಬರಹವನ್ನೂ ಹಾಗೇ ಹಾಕಿಕೊಂಡಿದ್ದಾರೆ. ಅಡುಗೆಗೆಲ್ಲ ಹಕ್ಕು ಇರುತ್ತದಾ ಅಂತ ಗಂಡ ಕೇಳುತ್ತಾರೆ.
— ಸುರತ್ಕಲ್

ಉತ್ತರ: ಅರ್ಧ ಅವರು ಸರಿ, ಅರ್ಧ ನೀವು ಸರಿ. ಇಷ್ಟು ಮೆಣಸು, ಇಷ್ಟು ಹುಳಿ ಅನ್ನುವ ಲೆಕ್ಕಕ್ಕೆ ಯಾರ ಹಕ್ಕೂ ಇಲ್ಲ, ಪುಳಿಮುಂಚಿ ಊರಿನ ಎಲ್ಲರದ್ದು. ಆದರೆ ನೀವು ನಿಮ್ಮ ಮಾತಿನಲ್ಲಿ ಬರೆದದ್ದು, 'ಅಮ್ಮ ಮಣ್ಣಿನ ಬಿಸಲೆಯಲ್ಲೇ ಮಾಡುತ್ತಿದ್ದರು, ಮರುದಿನ ಬೆಳಿಗ್ಗೆ ನೀರುದೋಸೆಗೆ ಇನ್ನೂ ರುಚಿ' ಅಂತ ಇದೆಯಲ್ಲ, ಅದು ನಿಮ್ಮದು. ಫೋಟೋ ಪೂರ್ತಿ ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎರಡಕ್ಕೂ ರಕ್ಷಣೆ ಇದೆ, ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ. ಬರೆದ, ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ.

ಮೊದಲು ಅವರ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದಿಡಿ, ತಾರೀಕು ಕಾಣಬೇಕು. ಆಮೇಲೆ ಮರ್ಯಾದೆಯಿಂದ ಒಂದು ಮೆಸೇಜು ಕಳಿಸಿ. ಹೆಸರು ಹಾಕಿ, ಬ್ಲಾಗಿನ ಕೊಂಡಿ ಕೊಡಿ, ಇಲ್ಲವೆ ತೆಗೆಯಿರಿ, ಎರಡು ದಿನ ಕಾಯುತ್ತೇನೆ ಅಂತ. ನನ್ನ ಅನುಭವದಲ್ಲಿ ಜಾಸ್ತಿ ಜನ ಅಷ್ಟಕ್ಕೇ ತೆಗೆಯುತ್ತಾರೆ. ತೆಗೆಯದಿದ್ದರೆ ಮೇಲೆ ಉಡುಪಿಯವರಿಗೆ ಹೇಳಿದ ಅರ್ಜಿಯೇ ನಿಮಗೂ. ಇನ್ನು ಮುಂದೆ ಹೆಸರನ್ನು ಮೂಲೆಯಲ್ಲಿ ಹಾಕಬೇಡಿ. ಬಿಸಲೆಯ ಅಂಚಿಗೆ ತಾಗುವ ಹಾಗೆ ನಡುವೆ ಸಣ್ಣದಾಗಿ ಹಾಕಿ. ಕತ್ತರಿಸಿದರೆ ಮೀನೂ ಹೋಗುತ್ತದೆ.

ಪ್ರಶ್ನೆ: ತುಳುವಿನಲ್ಲಿ ಬ್ಲಾಗು ಬರೆಯಬೇಕು ಅಂತ ಆಸೆ. ತುಳು ಲಿಪಿಯಲ್ಲಿ ಬರೆಯಲಾ, ಕನ್ನಡ ಲಿಪಿಯಲ್ಲಾ?
— ಉಳ್ಳಾಲ

ಉತ್ತರ: ಸದ್ಯಕ್ಕೆ ಕನ್ನಡ ಲಿಪಿ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್‌ನ 16ನೇ ಆವೃತ್ತಿಗೆ ಸೇರಿತು, ಅದು ನಮಗೆಲ್ಲ ದೊಡ್ಡ ಸಂತೋಷದ ದಿನ. ಆದರೆ ಎಲ್ಲರ ಫೋನಿನಲ್ಲಿ ಆ ಅಕ್ಷರ ಮೂಡಲು, ಎಲ್ಲರೂ ಅದನ್ನು ಓದಲು ಕಲಿಯಲು ಕಾಲ ಬೇಕು. 2016ರಿಂದ ಇರುವ ತುಳು ವಿಕಿಪೀಡಿಯವೂ ಕನ್ನಡ ಲಿಪಿಯಲ್ಲೇ ಇದೆ. ಪದದ ಕೊನೆಯ ಅರೆ ಉಕಾರವನ್ನು ಹೇಗೆ ಬರೆಯುತ್ತೀರಿ ಅನ್ನುವುದನ್ನು ಮೊದಲ ದಿನವೇ ನಿಶ್ಚಯಿಸಿ, ಕೊನೆವರೆಗೂ ಹಾಗೇ ಬರೆಯಿರಿ. ಒಂದೊಂದು ದಿನ ಒಂದೊಂದು ಥರ ಬರೆದರೆ ಹುಡುಕುವವರಿಗೆ ಸಿಗುವುದಿಲ್ಲ.

ಪ್ರಶ್ನೆ: ನಾನು ಕುಂದಾಪ್ರ ಕನ್ನಡದಲ್ಲಿ ಬರೆಯುತ್ತೇನೆ. ಎಐಗೆ ಕೊಟ್ಟು ತಿದ್ದಿಸಿದರೆ ಪೂರ್ತಿ ಪುಸ್ತಕದ ಭಾಷೆ ಮಾಡಿ ಕೊಡುತ್ತದೆ. ಓದಲು ನೀಟಾಗಿ ಕಾಣುತ್ತದೆ. ಹಾಗೇ ಹಾಕಲಾ?
— ಕುಂದಾಪುರ

ಉತ್ತರ: ಬೇಡ ಮಾರಾಯ್ರೇ, ದಯವಿಟ್ಟು ಬೇಡ. ನಿಮ್ಮ 'ಹ್ವಾಯ್' ಅನ್ನುವ ಕರೆಯನ್ನು ತೆಗೆದು 'ನಮಸ್ಕಾರ' ಅಂತ ಹಾಕಿದ ಕೂಡಲೇ ಆ ಮನುಷ್ಯ ಎದ್ದು ಹೋಗುತ್ತಾನೆ. ಆಸಾಡಿ ಅಮಾವಾಸ್ಯೆಯ ದಿನ ಊರವರೆಲ್ಲ ಸೇರಿ ಕುಂದಾಪ್ರ ಕನ್ನಡ ದಿನ ಮಾಡುತ್ತೀರಿ, ಉಳಿದ ದಿನ ಅದೇ ಭಾಷೆ ತಪ್ಪು ಅಂತ ತಿದ್ದಿಸಿಕೊಂಡರೆ ಹೇಗೆ? ಕಂಪ್ಯೂಟರು ಜಾಸ್ತಿ ಓದಿದ್ದು ಪುಸ್ತಕದ, ಪತ್ರಿಕೆಯ ಕನ್ನಡವನ್ನು. ಜಾಲದಲ್ಲಿ ಕುಂದಾಪ್ರ ಕನ್ನಡ ಕಡಿಮೆ ಇದೆ, ಅದಕ್ಕೇ ಎಐಗೆ ಬರುವುದಿಲ್ಲ. ನೀವು ಬರೆಯದಿದ್ದರೆ ಇನ್ನು ಮುಂದೆಯೂ ಬರುವುದಿಲ್ಲ. ಇಸವಿ, ಊರಿನ ಹೆಸರು ತಪ್ಪಿಲ್ಲವಾ ಅಂತ ನೋಡಲು ಮಾತ್ರ ಎಐ ಬಳಸಿ. ಅದು ಹೇಳಿದ್ದನ್ನು ಇನ್ನೊಂದು ಕಡೆಯೂ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಅಪ್ಪ ಮೀನು ಹಿಡಿಯುವ ಬೋಟು ನಡೆಸುವ ತಂಡೇಲರಾಗಿದ್ದವರು. ಕೊನೆಯ ಒಂಬತ್ತು ವರ್ಷ ಬ್ಲಾಗು ಬರೆದರು. ಯಾವ ಗಾಳಿಗೆ ಯಾವ ಮೀನು, ಯಾವ ವರ್ಷ ಬೂತಾಯಿ ಬರಲೇ ಇಲ್ಲ, ರಜೆಯ ಎರಡು ತಿಂಗಳು ಬಲೆ ಹೆಣೆಯುತ್ತಾ ಕೇಳಿದ ಕತೆಗಳು. ಎರಡು ತಿಂಗಳ ಹಿಂದೆ ತೀರಿಕೊಂಡರು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಅವರ ಬ್ಲಾಗು ಹೀಗೇ ಇರುತ್ತದಾ?
— ಮಲ್ಪೆ

ಉತ್ತರ: ತಂಗಿ, ನಿಮ್ಮ ಅಪ್ಪನ ಬ್ಲಾಗನ್ನು ನಿನ್ನೆ ರಾತ್ರಿ ಕೂತು ಓದಿದೆ, ಒಂದೂವರೆ ಗಂಟೆಯಾದರೂ ಏಳಲಾಗಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಅನ್ನುವುದು ನಮಗೆಲ್ಲ ಪೇಪರಿನ ಸುದ್ದಿ. ಆ 61 ದಿನ ಬಂದರಿನಲ್ಲಿ ಹೇಗಿರುತ್ತದೆ, ಮಳೆಗೆ ಹಗ್ಗದ ವಾಸನೆ ಹೇಗೆ ಬದಲಾಗುತ್ತದೆ ಅಂತ ನಾನು ಓದಿದ್ದು ಇದೇ ಮೊದಲು. ಇದು ಉಳಿಯಲೇಬೇಕು.

ತಾನಾಗಿ ಉಳಿಯುವುದಿಲ್ಲ. ಅದು ಇರುವುದು ಗೂಗಲ್‌ನ ಬ್ಲಾಗರ್‌ನಲ್ಲಿ. 2 ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು ಅಂತ ಗೂಗಲ್ ನಿಯಮ ಮಾಡಿದೆ, 2023ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ. ಅಷ್ಟು ಕಾಯುವುದು ಬೇಡ. ಹೊರಗಿನಿಂದ ಮಾಡಬಹುದಾದದ್ದನ್ನು ಇವತ್ತೇ ಮಾಡಿ. ಇಂಟರ್‌ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ ಇದೆ, 1996ರಿಂದ ಜಾಲದ ಪುಟಗಳನ್ನು ಕೂಡಿಡುತ್ತಿದೆ. ಅವರ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ವಿಳಾಸ ಕೊಟ್ಟು ಉಳಿಸು ಅಂದರೆ ಒಂದು ಪ್ರತಿ ಅಲ್ಲಿ ಸೇರುತ್ತದೆ. ಬ್ಲಾಗಿನ ವಿಳಾಸ ಒಂದನ್ನೇ ಕೊಟ್ಟು ಬಿಡಬೇಡಿ, ಪ್ರತಿ ಬರಹದ ವಿಳಾಸವನ್ನೂ ಬೇರೆ ಬೇರೆ ಕೊಡಬೇಕು. 200 ಬರಹ ಇವೆ, ಅಣ್ಣನೂ ನೀವೂ ಹಂಚಿಕೊಂಡರೆ ಎರಡು ಭಾನುವಾರದ ಕೆಲಸ. ಹಾಗೆಯೇ ಪ್ರತಿಯೊಂದನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಒಂದು ಸಲ ಕಾಗದದ ಮೇಲೂ ಪ್ರಿಂಟು ತೆಗೆಸಿ, ಬೈಂಡ್ ಮಾಡಿಸಿ ಅಮ್ಮನ ಕೈಗೆ ಕೊಡಿ. ತೀರಿಕೊಂಡವರ ಖಾತೆಯ ಬಗ್ಗೆ ಮನೆಯವರು ಗೂಗಲ್‌ಗೆ ಮನವಿ ಕೊಡಲು ಒಂದು ಅರ್ಜಿ ಇದೆ, ಮರಣ ಪ್ರಮಾಣಪತ್ರ ಬೇಕಾಗುತ್ತದೆ. ಪಾಸ್‌ವರ್ಡ್ ಅವರು ಕೊಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಅಪ್ಪನ ಫೋನು. ಅದು ಮನೆಯಲ್ಲೇ ಇದೆ, ಕಪಾಟಿನಲ್ಲಿ ಇಟ್ಟಿದ್ದೇವೆ ಅಂತ ಬರೆದಿದ್ದೀರಿ. ಅದರ ಬೀಗದ ಗುರುತು ಅಮ್ಮನಿಗೆ ಗೊತ್ತು ಅಂತಲೂ ಬರೆದಿದ್ದೀರಿ. ಹಾಗಾದರೆ ಆ ಫೋನಿನಲ್ಲಿ ಜೀಮೇಲ್ ಇನ್ನೂ ತೆರೆದೇ ಇರುತ್ತದೆ. ಅದರಿಂದಲೇ ಬ್ಲಾಗರ್‌ಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಇಮೇಲ್‌ಗೆ ಆಹ್ವಾನ ಕಳಿಸಿ, ನೀವು ಒಪ್ಪಿಕೊಂಡ ಮೇಲೆ ನಿಮ್ಮನ್ನು ಅಡ್ಮಿನ್ ಮಾಡಿಕೊಳ್ಳಿ. ಬ್ಯಾಕಪ್ಪನ್ನೂ ಇಳಿಸಿಕೊಳ್ಳಿ. ನಡುವೆ ಓಟಿಪಿ ಕೇಳಿದರೆ ಅದು ಅಪ್ಪನ ನಂಬರಿಗೇ ಬರುತ್ತದೆ. ಮೂರು ತಿಂಗಳು ಬಳಸದೆ ಬಿಟ್ಟ ಸಿಮ್ಮನ್ನು ಕಂಪೆನಿಯವರು ನಿಲ್ಲಿಸಬಹುದು, ಆ ನಂಬರು ಬೇರೆಯವರಿಗೂ ಹೋಗಬಹುದು. ನಿಮಗೆ ಈಗಾಗಲೇ ಎರಡು ತಿಂಗಳಾಯಿತು. ಈ ಉತ್ತರ ಅಚ್ಚಾಗುವವರೆಗೆ ಕಾಯುವುದು ಬೇಡ ಅಂತ ನಿಮಗೆ ಇಮೇಲ್ ಕೂಡ ಹಾಕಿದ್ದೇನೆ. ಇವತ್ತು ಸಂಜೆಯೇ ಆ ಫೋನು ಕಪಾಟಿನಿಂದ ತೆಗೆದು ಚಾರ್ಜಿಗೆ ಇಡಿ, ನಂಬರಿಗೆ ರೀಚಾರ್ಜ್ ಮಾಡಿಸಿ.